ಪದಚರ್ಚೆ: ‘ಸ್ಟಾಫ್ ಕಾರ್’ ಅಂದರೆ ಸಿಬ್ಬಂದಿ ಕಾರಲ್ಲ, ಮತ್ತೇನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಮಿಲಿಟರಿ ಲಾರಿ, ಕಾರುಗಳ ಪ್ಲಾಸ್ಟಿಕ್ ಕಿಟ್ ತಂದು ಜೋಡಿಸುವುದು ನನ್ನ ಹವ್ಯಾಸ. ಅವುಗಳಲ್ಲಿ ಕೆಲವನ್ನು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳು ನೋಡಲೆಂದು ಇಡುವ ಏರ್ಪಾಡು ನಡೀತಿದೆ. ಒಂದೊಂದರ ಮುಂದೆಯೂ ಕನ್ನಡದಲ್ಲಿ ಮೂರು ನಾಲ್ಕು ಸಾಲಿನ ಚೀಟಿ ಇರಬೇಕು ಅನ್ನುವುದು ನನ್ನ ಆಸೆ. ಓದುವವರು ಐದನೇ ಕ್ಲಾಸು, ಆರನೇ ಕ್ಲಾಸಿನವರು. ಪದ ತಪ್ಪಾದರೆ ಅವರ ತಲೆಯಲ್ಲಿ ತಪ್ಪು ಚಿತ್ರವೇ ಉಳಿದುಬಿಡುತ್ತೆ. ಅದಕ್ಕೇ ಈ ಓಲೆ.

ಮೊದಲನೆಯದು, ಮುಖ್ಯವಾದದ್ದು ‘ಸ್ಟಾಫ್ ಕಾರ್’. ಕಿಟ್‌ ಡಬ್ಬಿಗಳ ಮೇಲೆ ಪದೇ ಪದೇ ಬರುವ ಮಾತು ಇದು. ಕಂಪ್ಯೂಟರಿಗೆ ಕೊಟ್ಟು ಅನುವಾದ ಮಾಡಿಸಿದರೆ ‘ಸಿಬ್ಬಂದಿ ಕಾರು’ ಅಂತ ಬರುತ್ತೆ. ನಮ್ಮ ಮಕ್ಕಳಿಗೆ ಸಿಬ್ಬಂದಿ ಅಂದರೆ ಕಚೇರಿಯ ನೌಕರರು, ಶಾಲೆಯ ನೌಕರರು. ಬೆಳಿಗ್ಗೆ ಫ್ಯಾಕ್ಟರಿಯವರನ್ನು ಹತ್ತಿಸಿಕೊಂಡು ಹೋಗುವ ಬಸ್ಸಿನ ತಮ್ಮನೇ ಇದು ಅಂತ ಅವರು ಅಂದುಕೊಳ್ಳುತ್ತಾರೆ. ನಿಜ ನೋಡಿದರೆ ಪೂರ್ತಿ ಉಲ್ಟಾ. ಸೇನೆಯಲ್ಲಿ ಸ್ಟಾಫ್ ಅಂದರೆ ಸೇನಾಪತಿಯ ಜೊತೆಗಿದ್ದು ಯೋಜನೆ ಹಾಕುವ, ಆಜ್ಞೆ ಬರೆಯುವ, ನಕ್ಷೆ ನೋಡುವ ಅಧಿಕಾರಿಗಳ ತಂಡ. ಅಂಥ ದೊಡ್ಡ ಅಧಿಕಾರಿಗಳು ಓಡಾಡುವ ಕಾರೇ ಸ್ಟಾಫ್ ಕಾರು. ಸಾಮಾನ್ಯ ಸೈನಿಕ ಅದರಲ್ಲಿ ಕೂರುತ್ತಿದ್ದರೆ ಅದು ಡ್ರೈವರ್ ಸೀಟಿನಲ್ಲಿ ಮಾತ್ರ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ‘ಸಿಬ್ಬಂದಿ’ಯೂ ಮೊದಲಿಗೆ ಸೇನೆಯ ಕಡೆಯ ಪದವೇ. ಮರಾಠರ ಕಾಲದಲ್ಲಿ, ಆಮೇಲೆ ಕಂಪನಿ ಸರ್ಕಾರದಲ್ಲಿ ‘ಶಿಬಂದಿ’ ಅಂದರೆ ಕಂದಾಯ ವಸೂಲಿಗೆ, ಕೋಟೆ ಕಾವಲಿಗೆ ಇಟ್ಟುಕೊಂಡ ಜನ. ಖಾಯಂ ಪಡೆಗೆ ಸೇರದ ಕಾಲಾಳುಗಳು. ಇಂಗ್ಲಿಷಿನವರೂ ಅದನ್ನು ‘ಸೆಬಂಡಿ’ ಅಂತ ಬರೆದುಕೊಂಡರು. ಅಂದರೆ ಸ್ಟಾಫ್ ಸೇನೆಯ ಮೇಲ್ತುದಿ, ಶಿಬಂದಿ ಕೆಳತುದಿ. ಕಚೇರಿಗಳಲ್ಲಿ ಎರಡೂ ಒಂದೇ ಅರ್ಥಕ್ಕೆ ಬಂದು ನಿಂತಿವೆ, ಸರಿ. ಯುದ್ಧದ ಕಾರಿನ ಮುಂದೆ ಹಾಗೆ ಬರೆಯಲು ಮಾತ್ರ ಆಗುವುದಿಲ್ಲ.

ಹಾಗಾದರೆ ಏನು? ನಾನು ಯೋಚಿಸಿದ್ದನ್ನು ಹೇಳುತ್ತೇನೆ. ಇಂಗ್ಲಿಷಿನ ‘ಸ್ಟಾಫ್’, ಜರ್ಮನ್ನಿನ ‘ಷ್ಟಾಬ್’ ಎರಡಕ್ಕೂ ಮೂಲ ಅರ್ಥ ಕೋಲು. ಸೇನಾಪತಿಯ ಕೈಯಲ್ಲಿದ್ದ ಅಧಿಕಾರದ ಕೋಲೇ ಅವನ ಸುತ್ತಲಿನವರಿಗೆ ಹೆಸರಾಯಿತು. ನಮ್ಮಲ್ಲೂ ದಂಡ ಅಂದರೆ ಕೋಲು. ಅದರಿಂದಲೇ ದಂಡು, ದಂಡನಾಯಕ, ಶಾಸನಗಳ ‘ದಣ್ಣಾಯಕ’. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಹಲಗೆ ಇವತ್ತಿಗೂ ‘ಬೆಂಗಳೂರು ದಂಡು’. ಎರಡು ಭಾಷೆ ಬೇರೆ ಬೇರೆ ದಾರಿಯಲ್ಲಿ ಬಂದು ಕೋಲಿನ ಹತ್ತಿರವೇ ನಿಂತಿವೆ ಅಂತ ನನಗೆ ಖುಷಿಯಾಯಿತು. ‘ದಂಡಾಧಿಕಾರಿಯ ಕಾರು’ ಅಂತ ಬರೆದುಬಿಡೋಣ ಅನ್ನಿಸಿತು. ಆದರೆ ಆ ಪದ ಖಾಲಿ ಇಲ್ಲವಲ್ಲ! ತಾಲ್ಲೂಕು ಕಚೇರಿಯ ಬಾಗಿಲಲ್ಲಿ ‘ತಹಶೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿ’ ಅಂತ ಹಲಗೆ ಇರುತ್ತೆ. ದಂಡಾಧಿಕಾರಿ ಅಂದ ಕೂಡಲೇ ಮ್ಯಾಜಿಸ್ಟ್ರೇಟರು ನೆನಪಾಗುತ್ತಾರೆ. ದಂಡ ಅಂದರೆ ಮಕ್ಕಳಿಗೆ ಫೈನು. ‘ದಂಡನಾಯಕನ ಕಾರು’ ಅಂದರೆ ಹೊಯ್ಸಳರ ಕಾಲದವರು ಕಾರಿನಲ್ಲಿ ಕೂತ ಹಾಗಾಗುತ್ತೆ.

ಸದ್ಯಕ್ಕೆ ನನ್ನ ಮನಸ್ಸು ‘ಸೇನಾಧಿಕಾರಿಗಳ ಕಾರು’ ಎಂಬ ಕಡೆಗಿದೆ. ಹೀಗೆ ಹೇಳುವುದಕ್ಕೆ ಕಿಟ್‌ಗಳೇ ಕಾರಣ. ಈ ಕಾರುಗಳಲ್ಲಿ ಬಹಳಷ್ಟು ಸೇನೆಗೆಂದೇ ಹುಟ್ಟಿದವಲ್ಲ. ಜಪಾನಿನ ತಮಿಯಾ ಕಂಪನಿಯ ಸಿಟ್ರೋಯೆನ್ ತ್ರಾಕ್ಸಿಯೋಂ ಅವಾಂ ಕಿಟ್ ತಗೊಳ್ಳಿ. 1934ರಲ್ಲಿ ಬಂದ ಫ್ರಾನ್ಸಿನ ಮಾಮೂಲಿ ಕಾರು ಅದು. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೆ ಹೋಗುತ್ತೆ, ಹೆಸರಿನ ಅರ್ಥವೂ ಅಷ್ಟೇ. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಜರ್ಮನ್ನರು ಅಂಥ ಕಾರುಗಳನ್ನು ಹಿಡಿದು, ಸೇನೆಯ ಬಣ್ಣ ಬಳಿದು ತಮ್ಮ ಅಧಿಕಾರಿಗಳಿಗೆ ಕೊಟ್ಟರು. ಅಮೆರಿಕದ್ದೂ ಹಾಗೇ, ತಮಿಯಾದವರ 1/48 ಅಳತೆಯ (ನಿಜವಾದ ಕಾರಿನ ನಲವತ್ತೆಂಟರಲ್ಲಿ ಒಂದು ಪಾಲಿನ) ಕಿಟ್‌ನಲ್ಲಿರುವುದು 1942ರ ಫೋರ್ಡ್ ಕಾರು, ಹಸಿರು ಬಣ್ಣ, ಬಿಳಿ ನಕ್ಷತ್ರ. ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿ ಸಾಹೇಬರು ಉತ್ತರ ಆಫ್ರಿಕಾದಲ್ಲಿ ಓಡಾಡಿದ ಹಂಬರ್ ಸ್ನೈಪ್ ಕಾರಿಗೆ ‘ಓಲ್ಡ್ ಫೇಯ್ತ್‌ಫುಲ್’ ಅಂತ ಹೆಸರೇ ಇತ್ತು. ಅದರ ಕಿಟ್ಟನ್ನು ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯವರು 1/32ರಲ್ಲಿ ಮಾಡಿದರು. ಕಾರು ಯಾವುದು ಅನ್ನುವುದಲ್ಲ, ಯಾರು ಕೂರುತ್ತಾರೆ ಅನ್ನುವುದೇ ಅದನ್ನು ಸ್ಟಾಫ್ ಕಾರು ಮಾಡುವುದು. ಆ ಅರ್ಥ ಕನ್ನಡದ ಹೆಸರಲ್ಲೂ ಬರಲಿ.

ಇದಕ್ಕೆ ಎದುರು ಮಾತೂ ಇದೆ. ‘ಸ್ಟಾಫ್ ಕಾರ್ ಡ್ರೈವರ್’ ಅಂತ ಕೇಂದ್ರ ಸರ್ಕಾರದಲ್ಲಿ ಹುದ್ದೆಯೇ ಇದೆ. ಅಂಚೆ ಇಲಾಖೆಯ ನೇಮಕಾತಿ ಸುದ್ದಿಯಲ್ಲಿ ಕನ್ನಡ ಪತ್ರಿಕೆಗಳೂ ಹಾಗೇ ಹಾಕುತ್ತವೆ. ನಮ್ಮ ಸೇನೆಯವರೂ ‘ಸ್ಟಾಫ್ ಕಾರ್’ ಅಂತಲೇ ಅನ್ನುವುದು. ಇರುವ ಪದವನ್ನೇ ಇಟ್ಟು, ಪಕ್ಕದಲ್ಲಿ ಅರ್ಥ ಹೇಳಿದರೆ ಸಾಲದೇ ಅಂತ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ದೊಡ್ಡವರಿಗೆ ಸಾಕು. ಮಕ್ಕಳ ಚೀಟಿಗೆ ಸಾಲದು. ‘ಚೀಫ್ ಆಫ್ ಆರ್ಮಿ ಸ್ಟಾಫ್’ ಅನ್ನುವುದನ್ನು ಕನ್ನಡ ಪತ್ರಿಕೆಗಳು ಎಷ್ಟು ಸಲೀಸಾಗಿ ‘ಸೇನಾ ಮುಖ್ಯಸ್ಥ’ ಮಾಡಿಕೊಂಡಿವೆ ನೋಡಿ. ಅಲ್ಲಿ ‘ಸ್ಟಾಫ್’ ಅನ್ನು ಬಿಟ್ಟೇಬಿಟ್ಟರು, ಅರ್ಥಕ್ಕೆ ಏನೂ ಕೊರತೆಯಾಗಲಿಲ್ಲ. ಇಲ್ಲೂ ಆ ಧೈರ್ಯ ಮಾಡಬಹುದು ಅಲ್ವಾ?

ಎರಡನೆಯದು ಚಕ್ರಗಳ ಲೆಕ್ಕ. ಇದು ನನ್ನನ್ನು ಹೆಚ್ಚು ಕಾಡಿದ್ದು.

ಅಮೆರಿಕದ ಜಿಎಂಸಿ ಲಾರಿ, ಸಿಸಿಕೆಡಬ್ಲ್ಯು-353. ಯುದ್ಧದ ಲಾರಿಗಳಲ್ಲಿ ಇದರಷ್ಟು ಹೆಸರಾದದ್ದು ಕಡಿಮೆ. ಈ ಸಾಲಿನ ಲಾರಿಗಳು ಐದು ಲಕ್ಷಕ್ಕಿಂತ ಜಾಸ್ತಿ ತಯಾರಾದವು. ಡಬ್ಬಿಯ ಮೇಲೆ ‘6×6’ ಅಂತಿರುತ್ತೆ. ‘ಆರು ಚಕ್ರದ ಲಾರಿ’ ಅಂತ ಬರೆಯಲು ಕೈ ತಾನೇ ಹೋಗುತ್ತೆ. ಆದರೆ ನಮ್ಮಲ್ಲಿ ಆರು ಚಕ್ರದ ಲಾರಿ ಅಂದರೆ ಯಾವುದು? ಮುಂದೆ ಎರಡು, ಹಿಂದೆ ಜೋಡಿ ಟೈರು ಎರಡು ಕಡೆ, ಒಟ್ಟು ಆರು. ಮರಳು, ಇಟ್ಟಿಗೆ ಹೊರುವ ಲಾರಿ. ಜಿಎಂಸಿಗೆ ಮೂರು ಅಚ್ಚು (ಆಕ್ಸಲ್). ಹಿಂದಿನ ಎರಡು ಅಚ್ಚಿಗೂ ಜೋಡಿ ಟೈರು. ನಮ್ಮ ಲೆಕ್ಕದಲ್ಲಿ ಅದು ಹತ್ತು ಚಕ್ರದ ಲಾರಿ! ಸೇನೆಯ ಲೆಕ್ಕದಲ್ಲಿ ಜೋಡಿ ಟೈರನ್ನು ಒಂದೇ ಚಕ್ರ ಅಂತ ಎಣಿಸುತ್ತಾರೆ. ಮೊದಲ 6 ಅಂದರೆ ಚಕ್ರ ಕೂರುವ ಜಾಗ ಆರು. ಎರಡನೇ 6 ಅಂದರೆ ಆ ಆರಕ್ಕೂ ಎಂಜಿನ್ನಿನ ಬಲ ಹೋಗುತ್ತೆ ಅಂತ. ಟೈರಿನ ಮಾತೇ ಅಲ್ಲ ಅದು.

ಜರ್ಮನಿಯ ಒಪೆಲ್ ಬ್ಲಿಟ್ಸ್ ಮೂರು ಟನ್ ಲಾರಿಯ ಡಬ್ಬಿಯ ಮೇಲೆ ‘4×2’ ಅಂತಿದೆ. ಅದನ್ನು ನಾಲ್ಕು ಚಕ್ರದ ಲಾರಿ ಅಂದರೆ ಮಕ್ಕಳು ಎಣಿಸಿ ಜಗಳಕ್ಕೆ ಬರುತ್ತಾರೆ, ಯಾಕೆಂದರೆ ಎದುರಿಗೆ ಆರು ಟೈರು ಕಾಣುತ್ತಿರುತ್ತೆ.

ಈ ಎರಡು ಕಿಟ್‌ಗಳನ್ನು ಮಗುಚಿ ಹಿಡಿದರೆ ವಿಷಯ ಸ್ಪಷ್ಟ. ಒಪೆಲ್‌ನ ಹೊಟ್ಟೆಯಡಿ ಶಾಫ್ಟಿನ (ಎಂಜಿನ್ನಿನ ಬಲ ಒಯ್ಯುವ ಸರಳಿನ) ಸಾಲು ಒಂದೇ, ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ನೇರ. ಜಿಎಂಸಿಯಲ್ಲಿ ನಡುವೆ ಒಂದು ಪೆಟ್ಟಿಗೆ. ಅಲ್ಲಿಂದ ಮುಂದಿನ ಅಚ್ಚಿಗೆ ಒಂದು ಶಾಫ್ಟು, ನಡುವಿನದಕ್ಕೆ ಒಂದು, ಕೊನೆಯದಕ್ಕೆ ನಡುವಿನ ಅಚ್ಚಿನ ಬೆನ್ನ ಮೇಲಿಂದ ಹಾದುಹೋಗುವ ಇನ್ನೊಂದು. ಆ ಇನ್ನೊಂದನ್ನು ಅಂಟಿಸುವಾಗ ಉಸಿರು ಬಿಗಿ ಹಿಡಿಯಬೇಕು, ಅಷ್ಟು ಸಪೂರ. ಮಕ್ಕಳಿಗೆ ಇದು ಕಾಣಲಿ ಅಂತ ಕೆಳಗೆ ಕನ್ನಡಿ ಇಡುವವನಿದ್ದೇನೆ.

ಮಲೆನಾಡಿನ ಜೀಪಿನವರು ‘ಫೋರ್ ವೀಲ್ ಹಾಕು’ ಅನ್ನುತ್ತಾರಲ್ಲ, ಅದೇ ಜಾಡಿನಲ್ಲಿ ಹೀಗೆ ಬರೆದಿದ್ದೇನೆ: ‘ಹತ್ತು ಟೈರು, ಮೂರು ಅಚ್ಚು, ಮೂರಕ್ಕೂ ಎಂಜಿನ್ ಬಲ’. ಒಪೆಲ್‌ಗೆ ‘ಆರು ಟೈರು, ಎರಡು ಅಚ್ಚು, ಹಿಂದಿನದಕ್ಕೆ ಮಾತ್ರ ಎಂಜಿನ್ ಬಲ’. ಬಂಡಿಯ ಕಾಲದ ‘ಅಚ್ಚು’ ಈಗಿನ ಮಕ್ಕಳಿಗೆ ಗೊತ್ತಿದೆಯಾ? ಅವರಿಗೆ ಅಚ್ಚು ಅಂದರೆ ಪ್ರಿಂಟು, ಇಲ್ಲಾ ಬೆಲ್ಲದ ಅಚ್ಚು. ‘ಆಕ್ಸಲ್’ ಅಂತಲೇ ಇಡಲೇ? ಇದರ ಬಗ್ಗೆ ನಿಮ್ಮ ಮಾತು ಬೇಕು.

ಟನ್ನಿನ ವಿಚಾರ ಚಿಕ್ಕದು. ಜಿಎಂಸಿಯನ್ನು ಎರಡೂವರೆ ಟನ್ ಲಾರಿ ಅನ್ನುವುದು ಅದರ ತೂಕಕ್ಕಲ್ಲ, ಹೊರುವ ಭಾರಕ್ಕೆ. ಕಾಡುಮೇಡಿನಲ್ಲಿ ಅಷ್ಟು, ಒಳ್ಳೆ ರಸ್ತೆಯಲ್ಲಿ ಅದರ ಎರಡರಷ್ಟು ಹೇರುತ್ತಿದ್ದರು. ಅಮೆರಿಕದ ಟನ್ನು 2000 ಪೌಂಡು, ಬ್ರಿಟಿಷರದು 2240, ಜರ್ಮನ್ನರದು 1000 ಕೆ.ಜಿ. ಮೂರೂ ನಮಗೆ ಬರೀ ‘ಟನ್’. ಹಾಗಾಗಿ ಕೆ.ಜಿ.ಯಲ್ಲೇ ಬರೆಯುತ್ತಿದ್ದೇನೆ. ಬ್ರಿಟಿಷ್ ಡಬ್ಬಿಗಳಲ್ಲಿ ‘15 ಸಿಡಬ್ಲ್ಯುಟಿ’ ಅಂತ ಇರುತ್ತೆ, ಅಂದರೆ ಹದಿನೈದು ಹಂಡ್ರೆಡ್‌ವೇಟ್. ಇಪ್ಪತ್ತು ಸೇರಿದರೆ ಒಂದು ಟನ್. ಹದಿನೈದು ಅಂದರೆ ಸರಿಯಾಗಿ ಮುಕ್ಕಾಲು ಟನ್! ಮೂವತ್ತು ಅಂದರೆ ಒಂದೂವರೆ ಟನ್. ಇಂಗ್ಲಿಷಿನವರು ಎಳೆದಾಡುವುದನ್ನು ಕನ್ನಡ ಒಂದೇ ಪದದಲ್ಲಿ ಮುಗಿಸುತ್ತೆ. ಇನ್ನೊಂದು ಮಾತು: ಬ್ರಿಟಿಷ್ ಸೇನೆ ಮುಕ್ಕಾಲು ಟನ್ನಿನದನ್ನು ಟ್ರಕ್ ಅಂತಲೂ ಮೂರು ಟನ್ನಿನದನ್ನು ಲಾರಿ ಅಂತಲೂ ಪಟ್ಟಿ ಮಾಡುತ್ತಿತ್ತು. ನಮಗೆ ಎರಡೂ ಲಾರಿಯೇ. ಮೂರು ಟನ್ನಿನ ಬೆಡ್‌ಫರ್ಡ್ ಕ್ಯುಎಲ್‌ಗೆ ಲಾರಿ ಅನ್ನಲು ಅಡ್ಡಿಯಿಲ್ಲ. ಮುಕ್ಕಾಲು ಟನ್ನಿನ ಚಿಕ್ಕ ಬೆಡ್‌ಫರ್ಡ್ ಎಂಡಬ್ಲ್ಯುಗೂ ಲಾರಿ ಅಂದರೆ ತಪ್ಪೇ? ನನಗೇನೋ ತಪ್ಪು ಅನ್ನಿಸುವುದಿಲ್ಲ, ನೋಡುವವರ ಬಾಯಲ್ಲಿ ಅದೇ ಬರುತ್ತೆ.

ಇನ್ನು ‘ಮಾದರಿ’. ಈ ಪದಕ್ಕೆ ನಾವು ಕೆಲಸ ಜಾಸ್ತಿ ಹೊರಿಸಿದ್ದೇವೆ. ಮಾದರಿ ಶಾಲೆ ಅಂದರೆ ಬೇರೆಯವರು ನೋಡಿ ಕಲಿಯಬೇಕಾದ ಶಾಲೆ. ‘ಮಾದರಿ ಲಾರಿ’ ಅಂದರೂ ಆ ನೆರಳು ಬೀಳುತ್ತೆ. ‘1942ರ ಮಾದರಿ’ ಅಂದರೆ ಆ ವರ್ಷದ ಗಾಡಿಯೋ, ಅದರ ಪುಟ್ಟ ಪ್ರತಿರೂಪವೋ? ಅದಕ್ಕೇ ನಾನು ಪುಟ್ಟದಕ್ಕೆ ‘ಕಿರುಮಾದರಿ’ ಅಂತಲೂ, ವರ್ಷಕ್ಕೆ ಜನ ಆಡುವ ಹಾಗೆ ‘1942 ಮಾಡೆಲ್’ ಅಂತಲೂ ಬೇರೆ ಮಾಡಿಕೊಂಡಿದ್ದೇನೆ. ಕಿಟ್‌ಗೆ ಕಿಟ್ ಅಂತಲೇ. ‘ಪ್ಯಾಟರ್ನ್’ ಪದದ್ದೂ ಇಂಥದೇ ಕಷ್ಟ. ಕೆನಡಾದ ‘ಮಿಲಿಟರಿ ಪ್ಯಾಟರ್ನ್’ ಲಾರಿಗಳ ಚಾಸಿ (ಕೆಳಗಿನ ಚೌಕಟ್ಟು) ಭಾರತಕ್ಕೂ ಬಂದಿದ್ದವು. ಜೆಮ್‌ಷೆಡ್‌ಪುರದ ಟಾಟಾ ಉಕ್ಕಿನ ಹಾಳೆ ಹೊದಿಸಿ ಅವನ್ನು ಕವಚದ ಗಾಡಿ ಮಾಡಿದರು, ಅವಕ್ಕೆ ‘ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್’ ಅಂತ ಹೆಸರು. ಪ್ಯಾಟರ್ನ್‌ಗೆ ‘ನಮೂನೆ’ ಒಳ್ಳೆಯ ಪದ. ಆದರೆ ಕಂದಾಯ ಇಲಾಖೆ ಅದನ್ನು ಅರ್ಜಿ ಫಾರಂಗೆ ಹಿಡಿದುಕೊಂಡಿದೆ. ‘ಭಾರತೀಯ ನಮೂನೆ’ ಅಂದರೆ ಓಡುತ್ತದೆಯೇ?

ಅಳತೆಯನ್ನು 1/35 ಅಂತ ಬರೆದು, ಓದಲು ‘ಮೂವತ್ತೈದರಲ್ಲಿ ಒಂದು’ ಅಂತ ಕೊಟ್ಟಿದ್ದೇನೆ. ಜೊತೆಗೊಂದು ಉದಾಹರಣೆ: ಜಿಎಂಸಿ-353ರ ಮುಂದಿನ ಅಚ್ಚಿನಿಂದ ಹಿಂದಿನ ಎರಡು ಅಚ್ಚುಗಳ ನಡುಮಧ್ಯಕ್ಕೆ 164 ಅಂಗುಲ. 35ರಿಂದ ಭಾಗಿಸಿದರೆ ಸುಮಾರು 4.7 ಅಂಗುಲ. ಸ್ಕೇಲು ಪಕ್ಕದಲ್ಲೇ ಇಟ್ಟರೆ ಮಕ್ಕಳೇ ಅಳೆಯಬಹುದು. ಈ 35 ಎಲ್ಲಿಂದ ಬಂತು ಅಂತ ಕೇಳಿದರೂ ಉತ್ತರ ಇದೆ: 1960ರ ದಶಕದ ಆರಂಭದಲ್ಲಿ ತಮಿಯಾದವರು ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿಗೆ ತಕ್ಕ ಹಾಗೆ ಟ್ಯಾಂಕಿನ ಗಾತ್ರ ಗೊತ್ತುಮಾಡಿದರು. ಅದೇ ಮುಂದೆ ಲೋಕದ ಅಳತೆಯಾಯಿತು.

ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು ಇದೆಯಲ್ಲ, ಇಂಗ್ಲಿಷಿನವರ ‘ಸ್ಪ್ರೂ’, ಅದಕ್ಕೆ ‘ಹಂದರ’ ಅಂತಿದ್ದೇನೆ. ಹೊಸ ಗಾಡಿಗೆ ಧೂಳು, ತುಕ್ಕು, ಕೆಸರು ಹಚ್ಚಿ ಯುದ್ಧದಲ್ಲಿ ಓಡಿದ ಹಾಗೆ ಮಾಡುವುದಕ್ಕೆ ‘ಮಾಸಿಸುವುದು’. ಬಟ್ಟೆ ಮಾಸುತ್ತದಲ್ಲ, ಅದೇ. ಈ ಎರಡರ ಬಗ್ಗೆ ನನಗೆ ಅನುಮಾನ ಇಲ್ಲ. ‘ಸ್ಪೇರ್ ವೀಲ್’ ಅನ್ನಂತೂ ‘ಸ್ಟೆಪ್ನಿ’ ಅಂತಲೇ ಬರೆದೆ. ವೇಲ್ಸಿನ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದ ಹೆಸರು, ಈಗ ಪೂರಾ ನಮ್ಮದು.

ಒಂದು ಹೆಸರು ಮಾತ್ರ ಅನುವಾದ ಮಾಡದೇ ಬಿಟ್ಟಿದ್ದೇನೆ. ‘ರೆಡ್ ಬಾಲ್ ಎಕ್ಸ್‌ಪ್ರೆಸ್’. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ಮುನ್ನುಗ್ಗುತ್ತಿದ್ದ ಸೇನೆಗೆ ಹಗಲೂ ರಾತ್ರಿ ಪೆಟ್ರೋಲು, ಗುಂಡು, ಊಟ ಹೊತ್ತ ಲಾರಿ ಸಾಲು ಅದು. ಹೊತ್ತದ್ದು ಹೆಚ್ಚಾಗಿ ಇವೇ ಜಿಎಂಸಿಗಳು. ಡ್ರೈವರ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕನ್ ಅಮೆರಿಕನ್ನರು. ಇದನ್ನು ಚೀಟಿಯಲ್ಲಿ ಬರೆಯಲೇಬೇಕು. ‘ಕೆಂಪು ಚೆಂಡು’ ಅಂದರೆ ಕ್ರಿಕೆಟ್ ಆಗಿಬಿಡುತ್ತೆ; ಅದು ರೈಲಿನವರು ತುರ್ತು ಸರಕಿಗೆ ಬಳಸುತ್ತಿದ್ದ ಹೆಸರು.

ಈಗ ನನ್ನ ಕೋರಿಕೆ. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟ ಲಾರಿಗಳು ಹರಾಜಾಗಿ ನಮ್ಮ ರಸ್ತೆಗಳಲ್ಲೂ ಓಡಿದವು. ಅವನ್ನು ಓಡಿಸಿದವರ, ರಿಪೇರಿ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈ ಬಳಗದಲ್ಲಿ ಇರಬಹುದು. ಮನೆಯಲ್ಲಿ ಹಿರಿಯರು ಆ ಗಾಡಿಗಳಿಗೆ ಏನೆನ್ನುತ್ತಿದ್ದರು? ಮುಂದೆ ಉದ್ದ ಬಾನೆಟ್ ಇದ್ದ ಲಾರಿಗೆ ಬೇರೆ ಹೆಸರಿತ್ತೇ? ಸೇನೆಯ ಸಪ್ಲೈ ಕೋರ್‌ನಲ್ಲಿ ಇದ್ದವರು ‘ಸ್ಟಾಫ್ ಕಾರ್’ಗೆ ತಮ್ಮತಮ್ಮಲ್ಲಿ ಕನ್ನಡದಲ್ಲಿ ಏನನ್ನುತ್ತಿದ್ದರು? ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಕಡೆಯ ಮಾತು ಬೇರೆ ಇದ್ದರೆ ಅದನ್ನೂ ಬರೆಯಿರಿ. ಚೀಟಿಗಳು ಅಚ್ಚಿಗೆ ಹೋಗಲು ಇನ್ನೂ ಸಮಯ ಇದೆ. ‘ಸೇನಾಧಿಕಾರಿಗಳ ಕಾರು’ ಬೇಡ ಅನ್ನುವವರು ಬದಲಿಗೆ ಯಾವುದು ಅಂತ ಹೇಳಿದರೆ ಬಹಳ ಉಪಕಾರ.