ಅರ್ಧಕ್ಕೆ ನಿಂತ ಟ್ರ್ಯಾಕ್‌ಗಳನ್ನು ಹೇಗೆ ಇಟ್ಟುಕೊಳ್ಳುತ್ತೀರಿ?

ಪ್ರಶ್ನೆ:
ಮನೆಯಲ್ಲೇ ಏಬಲ್ಟನ್ ಅನ್ನುವ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್ ಮಾಡುತ್ತೇನೆ. ಮುಗಿಸಿದ್ದು ಕಡಿಮೆ, ಅರ್ಧಕ್ಕೆ ನಿಂತದ್ದೇ ಜಾಸ್ತಿ. ಫೋಲ್ಡರ್ ತೆಗೆದರೆ "ಅನ್‌ಟೈಟಲ್ಡ್", "ಟೆಸ್ಟ್ ಹೊಸದು", "ಫೈನಲ್ 2", "ಫೈನಲ್ ಇದೇ". ಗೆಳೆಯರೊಬ್ಬರು ಕಿರುಚಿತ್ರ ಮಾಡುತ್ತಿದ್ದಾರೆ. "ಆವತ್ತು ಕೇಳಿಸಿದ್ಯಲ್ಲ, ಕೊಳಲಿಂದು, ಅದು ಬೇಕು" ಅಂತಾರೆ. ಟ್ಯೂನ್ ತಲೆಯಲ್ಲಿದೆ, ಫೈಲ್ ಎಲ್ಲಿದೆಯೋ ಗೊತ್ತಿಲ್ಲ. ನೀವೆಲ್ಲ ಹೆಸರು ಹೇಗೆ ಇಡುತ್ತೀರಿ? ಫೋಲ್ಡರ್ ಹೇಗೆ ಮಾಡುತ್ತೀರಿ?

ಜಿಂಗಲ್ ಮಾಡುವವರು, ಬೆಂಗಳೂರು:
ತಾರೀಖು ಮೊದಲು. ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ: 2025-03-09. ದಿನ ಮುಂದೆ ಹಾಕಿದರೆ ಎಲ್ಲ ತಿಂಗಳ ಒಂಬತ್ತನೇ ತಾರೀಖೂ ಒಂದೇ ಕಡೆ ಬಂದು ಕೂರುತ್ತವೆ. ಆಮೇಲೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಶ್ರುತಿ, ಕೊನೆಗೆ ಒಂದು ಪದ. "2025-03-09_92_ಡಿ_ಕೊಳಲು" ಅಂತ ಇದ್ದಿದ್ದರೆ ಇವತ್ತು ಹುಡುಕುವ ಕೆಲಸವೇ ಇರುತ್ತಿರಲಿಲ್ಲ.
"ಫೈನಲ್" ಅನ್ನುವ ಪದ ನಮ್ಮ ಸ್ಟುಡಿಯೋದಲ್ಲಿ ನಿಷಿದ್ಧ. ದುಡ್ಡು ಕೈಗೆ ಬರುವವರೆಗೂ ಯಾವುದೂ ಫೈನಲ್ ಅಲ್ಲ. ವಿ01, ವಿ02 ಅಷ್ಟೇ. ಎಫ್‌ಎಲ್ ಸ್ಟುಡಿಯೋ, ಕ್ಯೂಬೇಸ್ ಎರಡೂ ಸಾಫ್ಟ್‌ವೇರ್‌ಗಳಲ್ಲಿ "ಸೇವ್ ನ್ಯೂ ವರ್ಷನ್" ಇದೆ, ನಂಬರ್ ತಾನೇ ಏರುತ್ತದೆ. ಅದಿಲ್ಲದ ಕಡೆ "ಸೇವ್ ಆ್ಯಸ್" ಮಾಡಿ ಕೈಯಲ್ಲೇ ಹಾಕಿಕೊಳ್ಳಿ.

ವೀಣೆ ನುಡಿಸುವವರು, ಮೈಸೂರು:
ಮೇಲಿನ ಸರ್ ಹೇಳಿದ್ದು ಆಫೀಸಿಗೆ ಸರಿ. ನನಗೆ 92 ಅಂದರೆ ಏನೂ ನೆನಪಾಗುವುದಿಲ್ಲ. ರಾಗ, ತಾಳ ಬರೆದರೆ ಟ್ರ್ಯಾಕ್ ಕಿವಿಯಲ್ಲೇ ಶುರುವಾಗುತ್ತದೆ: "ಹಂಸಧ್ವನಿ ಖಂಡಚಾಪು", "ಚಾರುಕೇಶಿ ಬರೀ ಡ್ರೋನ್" (ಡ್ರೋನ್ ಅಂದರೆ ತಂಬೂರದಂತೆ ಹಿಂದೆ ನಿಂತಿರುವ ನಾದ). ಖಂಡಚಾಪು ಅಂತ ಹುಡುಕಿದರೆ ಐದರ ಲೆಕ್ಕದವೆಲ್ಲ ಒಟ್ಟಿಗೆ ಸಿಗುತ್ತವೆ. ಒಂದೇ ರಾಗದಲ್ಲಿ ಮೂರ್ನಾಲ್ಕು ಆದರೆ ಪಕ್ಕದಲ್ಲಿ ಒಂದು ತಲೆಹರಟೆ ಪದ. ನನ್ನ ಹತ್ತಿರ "ಮೋಹನ ಪಾನಿಪುರಿ" ಇದೆ. ನಗಬೇಡಿ, ಒಂದು ದಿನವೂ ಅದನ್ನು ಹುಡುಕಬೇಕಾಗಿ ಬಂದಿಲ್ಲ.
ಧಾರವಾಡದ ಹಿಂದೂಸ್ತಾನಿ ಗಾಯಕರ ಜೊತೆ ಫೈಲ್ ಹಂಚಿಕೊಳ್ಳುವಾಗ ಮಾತ್ರ ಗೊಂದಲ. ನಾನು ಮೋಹನ ಅಂದದ್ದು ಅವರಿಗೆ ಭೂಪ್, ಹಿಂದೋಳ ಅಂದದ್ದು ಮಾಲ್ಕಂಸ್. ಯಾವುದೋ ಒಂದನ್ನು ಒಪ್ಪಿಕೊಂಡು ಶುರು ಮಾಡಿ.
ಇನ್ನೊಂದು. ಫೈಲ್ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಕೆಲವು ಹಳೆ ಪ್ಲಗಿನ್‌ಗಳು (ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ವಾದ್ಯ, ಎಫೆಕ್ಟ್‌ಗಳು) ತಕರಾರು ಮಾಡುತ್ತವೆ, ಎದುರಿಗೇ ಇರುವ ಸ್ಯಾಂಪಲ್ (ಟ್ರ್ಯಾಕಿಗೆ ಬಳಸಿದ ಸದ್ದಿನ ಫೈಲ್) ಇಲ್ಲ ಅನ್ನುತ್ತವೆ. ಫೈಲಿಗೆ ಇಂಗ್ಲಿಷ್ ಅಕ್ಷರ ಇರಲಿ, ಪ್ರಾಜೆಕ್ಟ್ ಒಳಗಿನ ಟಿಪ್ಪಣಿ ಕನ್ನಡದಲ್ಲಿರಲಿ.

ಸಿನಿಮಾ ಬಿಜಿಎಂ ಪ್ರೋಗ್ರಾಮರ್:
ನಮಗೆ ಹೆಸರಿಡುವ ಸ್ವಾತಂತ್ರ್ಯವೇ ಇಲ್ಲ, ಒಂದು ರೀತಿ ಸುಖ. "3ಎಂ4" ಅಂದರೆ ಮೂರನೇ ರೀಲಿನ ನಾಲ್ಕನೇ ಮ್ಯೂಸಿಕ್ ಕ್ಯೂ, ಅಂದರೆ ಸಂಗೀತದ ತುಂಡು. ಹಾಲಿವುಡ್ ಪದ್ಧತಿ. 35 ಎಂಎಂ ಕಾಲದಲ್ಲಿ ಒಂದು ರೀಲ್ ಅಂದರೆ 1,000 ಅಡಿ, ಸುಮಾರು 11 ನಿಮಿಷ. ಈಗ ಫಿಲ್ಮೇ ಇಲ್ಲ, ರೀಲ್ ಲೆಕ್ಕ ಉಳಿದಿದೆ. ಎಡಿಟರ್, ಸೌಂಡ್ ಡಿಸೈನರ್, ಮಿಕ್ಸಿಂಗ್‌ನವರು ಎಲ್ಲರೂ ಅದೇ ನಂಬರ್ ಹಿಡಿದು ಮಾತಾಡುತ್ತಾರಲ್ಲ, ಅದಕ್ಕೆ. ಎಡಿಟ್ ಬದಲಾದರೆ ವರ್ಷನ್ ಏರುತ್ತದೆ, ಕ್ಯೂ ನಂಬರ್ ಮುಟ್ಟುವುದಿಲ್ಲ.
ಹಾಡುಗಳದ್ದು ಬೇರೆ ಕಥೆ. ಟ್ಯೂನ್ ಮೊದಲು ಬಂದು ಸಾಹಿತ್ಯ ಆಮೇಲೆ ಬಂದರೆ, ಡಮ್ಮಿ ಪದಗಳಲ್ಲಿ ಹಾಡಿದ ಮೊದಲ ಸಾಲೇ ಫೈಲ್ ಹೆಸರು. ಸಾಹಿತ್ಯ ಬಂದ ಮೇಲೂ ಆ ಹೆಸರು ಬದಲಾಯಿಸಬೇಡಿ. ನಾಲ್ಕು ಜನರ ಕಂಪ್ಯೂಟರಿನಲ್ಲಿ ಹಳೆ ಹೆಸರಿರುವಾಗ ನೀವೊಬ್ಬರೇ ಬದಲಾಯಿಸಿದರೆ ಅಲ್ಲಿಂದ ಎರಡು ಹಾಡು ಹುಟ್ಟುತ್ತವೆ.

ಟೆಕ್ನೋ, ಮಂಗಳೂರು:
ಹೆಸರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ಪ್ರಾಜೆಕ್ಟ್ ಮುಚ್ಚುವ ಮುಂಚೆ ಪ್ರತಿ ಸಲ ಒಂದು ಎಂಪಿ3 ಬೌನ್ಸ್ ತೆಗೆಯಿರಿ, ಅಂದರೆ ಇಡೀ ಟ್ರ್ಯಾಕನ್ನು ಒಂದೇ ಆಡಿಯೋ ಫೈಲ್ ಮಾಡಿ. ಎಲ್ಲ ಬೌನ್ಸ್ ಒಂದೇ ಫೋಲ್ಡರಿಗೆ, ಅದು ಫೋನಿಗೂ. ಪ್ರಾಜೆಕ್ಟ್ ಒಂದೊಂದೇ ತೆರೆದು ಪ್ಲಗಿನ್ ಲೋಡ್ ಆಗಲಿ ಅಂತ ಕಾಯುತ್ತಾ ಕೂತರೆ ಸಂಜೆಯಾಗುತ್ತದೆ. ಎಂಪಿ3 ಆದರೆ ಬಸ್ಸಿನಲ್ಲೇ ಸರಸರ ಕೇಳಿ ಮುಗಿಸಬಹುದು.
ಫೋಲ್ಡರ್ ಮೂರೇ: ತುಣುಕು, ಹಾಡು, ಕಳಿಸಿದ್ದು. ಎಂಟು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ಲೂಪ್ ಎಷ್ಟೇ ಚೆನ್ನಾಗಿರಲಿ, ತುಣುಕೇ. ಶುರು, ಕೊನೆ ಎರಡೂ ಬಂದರೆ ಹಾಡಿಗೆ ಬಡ್ತಿ. ಹೌಸ್, ಲೋಫೈ, ಆ್ಯಂಬಿಯೆಂಟ್ ಅಂತ ಶೈಲಿಗೊಂದು ಫೋಲ್ಡರ್ ಮಾಡುವವರನ್ನು ನೋಡಿದ್ದೇನೆ. ಕಿಕ್ ಡ್ರಮ್ ತೆಗೆದ ತಕ್ಷಣ ಹೌಸ್ ಆ್ಯಂಬಿಯೆಂಟ್ ಆಗುತ್ತದೆ, ಆಗ ಎಲ್ಲಿಗೆ ಹಾಕುತ್ತೀರಿ?
ಹೆಸರಿನ ಬಾಲಕ್ಕೆ ಏನು ಬಾಕಿ ಅಂತ ಹಾಕುತ್ತೇನೆ: "ಬೇಸ್ ಬೇಕು", "ಇಂಟ್ರೊ ಉದ್ದ". ಮತ್ತೆ ತೆರೆದಾಗ ಕೆಲಸ ಅಲ್ಲಿಂದಲೇ ಶುರು.

ರೆಕಾರ್ಡಿಂಗ್ ಎಂಜಿನಿಯರ್:
ಹೆಸರು ಸರಿ ಇದ್ದರೂ ಒಳಗೆ ಖಾಲಿ ಇರಬಹುದು. ಸ್ಯಾಂಪಲ್ ಡೌನ್‌ಲೋಡ್ಸ್‌ನಲ್ಲಿತ್ತು, ಅದನ್ನು ಯಾವಾಗಲೋ ಅಳಿಸಿದ್ದಾಯಿತು, ಅಲ್ವಾ? ಏಬಲ್ಟನ್‌ನಲ್ಲಿ "ಕಲೆಕ್ಟ್ ಆಲ್ ಆ್ಯಂಡ್ ಸೇವ್" ಒತ್ತಿ. ಎಲ್ಲವೂ ಪ್ರಾಜೆಕ್ಟ್ ಫೋಲ್ಡರಿಗೇ ಬರುತ್ತದೆ.
ಪ್ಲಗಿನ್‌ಗಳನ್ನೂ ನಂಬಬೇಡಿ. 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿ ಬಂದಾಗ 32 ಬಿಟ್‌ನವೆಲ್ಲ ಒಟ್ಟಿಗೆ ಸತ್ತವು. ಹಾಡಿಗೆ ಬಡ್ತಿ ಸಿಕ್ಕ ಟ್ರ್ಯಾಕ್‌ಗಳಿಗಾದರೂ ಸ್ಟೆಮ್ (ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಆಡಿಯೋ ಫೈಲ್) ತೆಗೆದಿಡಿ. ಎಲ್ಲ ಸ್ಟೆಮ್‌ಗಳೂ ಮೊದಲ ಬಾರಿನಿಂದಲೇ ಶುರುವಾಗಲಿ, ಬಿಪಿಎಂ ಹೆಸರಲ್ಲಿರಲಿ. 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 17 ಎಂಬಿ. ನಾಲ್ಕು ನಿಮಿಷದ ಹಾಡಿಗೆ 30 ಸ್ಟೆಮ್ ಅಂದರೆ 2 ಜಿಬಿ. ತುಣುಕುಗಳಿಗೆಲ್ಲ ಇದನ್ನು ಮಾಡಿದರೆ ಡಿಸ್ಕ್ ತುಂಬುತ್ತದೆ, ಬೇಡ.
ನಿಮ್ಮ ಕೊಳಲು ಮೈಕಿನಲ್ಲಿ ರೆಕಾರ್ಡ್ ಆಗಿದ್ದರೆ ಆಯಾ ಪ್ರಾಜೆಕ್ಟಿನ "ಸ್ಯಾಂಪಲ್ಸ್" ಒಳಗೆ "ರೆಕಾರ್ಡೆಡ್" ಫೋಲ್ಡರಿನಲ್ಲಿರುತ್ತದೆ. ಇಡೀ ಡಿಸ್ಕಿನಲ್ಲಿ ಆಡಿಯೋ ಫೈಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕೊಳಲಿನವರು ಬಂದಿದ್ದ ತಿಂಗಳು ನೋಡಿ.

ಪ್ರಶ್ನೆ ಕೇಳಿದವರು:
ಮೈಕಿನಲ್ಲೇ ಆಗಿತ್ತು, ದಸರಾ ರಜೆಯ ಸುಮಾರಿಗೆ. ಸಂಜೆ ಹುಡುಕುತ್ತೇನೆ. ಇನ್ನೊಂದು ಪ್ರಶ್ನೆ: ಫೋನಿನಲ್ಲಿ ಗುನುಗಿಟ್ಟದ್ದಕ್ಕೆ ಏನು ಮಾಡುತ್ತೀರಿ? ನನ್ನ ಐಫೋನ್ ಎಲ್ಲಕ್ಕೂ ನಮ್ಮ ಬೀದಿಯ ಹೆಸರನ್ನೇ ಇಟ್ಟಿದೆ.

ವೀಣೆ ನುಡಿಸುವವರು, ಮೈಸೂರು:
ವಾಯ್ಸ್ ಮೆಮೋಸ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಹೆಸರು ಆಫ್ ಮಾಡಿ. ಗುನುಗುವ ಮುಂಚೆ ಬಾಯಲ್ಲೇ ಹೇಳಿಬಿಡಿ: "ಚರಣಕ್ಕೆ, ಸ್ವಲ್ಪ ನಿಧಾನ, ಶ್ರುತಿ ಒಂದೂವರೆ". ಟೈಪ್ ಮಾಡುವಷ್ಟರಲ್ಲಿ ಟ್ಯೂನ್ ಮರೆತೇ ಹೋಗುತ್ತದೆ.

ಜಿಂಗಲ್ ಮಾಡುವವರು, ಬೆಂಗಳೂರು:
ಇದನ್ನು ಇವತ್ತಿನಿಂದಲೇ ನಾನೂ ಮಾಡುತ್ತೇನೆ ಮೇಡಂ. ತಾರೀಖನ್ನೂ ಹೇಳುತ್ತೇನೆ, ವರ್ಷ ಮೊದಲು.