ಚೀಲದ ಫೀಡ್ ಇಲ್ಲದೆ ಹಿತ್ತಲ ಕೋಳಿ: ಏನು ಹಾಕಬೇಕು, ಎಷ್ಟು ಹಾಕಬೇಕು?

ಕೇಳಿದ್ದು, ತಿಪಟೂರು ಕಡೆಯಿಂದ: 20 ಗುಂಟೆ ತೆಂಗಿನ ತೋಟ. ಆರು ನಾಟಿ ಹೇಟೆ, ನಾಲ್ಕು ಸ್ವರ್ಣಧಾರ (ಸುಧಾರಿತ ತಳಿಯ ಹೇಟೆ), ಒಂದು ಹುಂಜ. ಬೆಳಿಗ್ಗೆ ಬಿಟ್ಟು ಸಂಜೆ ಗೂಡಿಗೆ ಹಾಕುತ್ತೇವೆ. ರಾಗಿ, ಮಿಕ್ಕಿದ ಅನ್ನ ಕೊಡುತ್ತೇವೆ. ಮೊಟ್ಟೆ ಕಡಿಮೆಯಾಗಿದೆ, ಚಿಪ್ಪು ಮುಟ್ಟಿದರೆ ಒಡೆಯುತ್ತದೆ, ಮರಿಗಳು ಎರಡು ವಾರ ದಾಟುತ್ತಿಲ್ಲ. ಅಂಗಡಿ ಫೀಡ್ ಬೇಡ ಅಂದುಕೊಂಡಿದ್ದೇವೆ. ತಿಳಿದವರು ಹೇಳಿ.

ಹಾಸನದಿಂದ: ರಾಗಿ, ಅನ್ನ ಎರಡೂ ಹೊಟ್ಟೆ ತುಂಬಿಸುತ್ತವೆ, ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಕೊಡುವುದಿಲ್ಲ. ಮೊಟ್ಟೆ ಇಡುವ ಹೇಟೆಯ ಆಹಾರದಲ್ಲಿ ನೂರಕ್ಕೆ ಸುಮಾರು 16 ಭಾಗ ಪ್ರೋಟೀನ್ ಇರಬೇಕು. ರಾಗಿಯಲ್ಲಿ 7 ಭಾಗ ಅಷ್ಟೆ. ಮನೆಯಲ್ಲೇ 10 ಕೆಜಿ ಕಲಸಿ: ಮುಸುಕಿನ ಜೋಳದ ನುಚ್ಚು 5.5 ಕೆಜಿ, ಅಕ್ಕಿ ತೌಡು 2 ಕೆಜಿ, ಕಡಲೆಕಾಯಿ ಹಿಂಡಿ 1.5 ಕೆಜಿ, ಉಪ್ಪು ಹಾಕದ ಒಣಮೀನಿನ ಪುಡಿ 700 ಗ್ರಾಂ, ಕೋಳಿಗಳ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ. ಸಂತೆಯಲ್ಲಿ ಸಿಗುವ ಉಪ್ಪುಮೀನು ಹಾಕಬೇಡಿ, ಉಪ್ಪು ಹೆಚ್ಚಾದರೆ ಕೋಳಿ ನೀರು ಕುಡಿದು ಕುಡಿದು ಭೇದಿಯಾಗಿ ಸಾಯುತ್ತದೆ.

ಪೂರ್ತಿ ಕಟ್ಟಿ ಸಾಕಿದರೆ ಒಂದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಬೇಕು. ನಿಮ್ಮದು ತೋಟದಲ್ಲಿ ಮೇಯುವುದರಿಂದ 50 ಗ್ರಾಂನಿಂದ ಶುರು ಮಾಡಿ, ಹೆಚ್ಚಿನ ಪಾಲು ಸಂಜೆ ಕೊಡಿ. ಸಾಕೇ ಅಂತ ತಿಳಿಯಲು ಕತ್ತಲಾದ ಮೇಲೆ ಗೂಡಿನಲ್ಲಿ ಕೂತ ಹೇಟೆಯ ಕತ್ತಿನ ಬುಡ ಮುಟ್ಟಿ ನೋಡಿ. ಕಾಳಿನ ಚೀಲ ಬಲಗಡೆ ದಪ್ಪ ನಿಂಬೆಹಣ್ಣಿನ ಹಾಗೆ ತುಂಬಿರಬೇಕು. ಜೋತುಬಿದ್ದ ಖಾಲಿ ತೊಗಲು ಸಿಕ್ಕರೆ ತೋಟದಲ್ಲಿ ಮೇವು ಸಾಲುತ್ತಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಹುಳ ಸಿಗದಾಗ ಹೀಗೇ ಆಗುತ್ತದೆ, ಆಗ 80 ಗ್ರಾಂ ಮಾಡಿ.

ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡಬಹುದು ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಆ ಬೂಷ್ಟಿನ ವಿಷ ಒಣಗಿಸಿದರೂ ಹೋಗುವುದಿಲ್ಲ, ಪಿತ್ತಜನಕಾಂಗಕ್ಕೆ ಏಟು ಕೊಡುತ್ತದೆ. ಹೊಂಗೆ ಹಿಂಡಿ, ಹರಳು ಹಿಂಡಿ ಗೊಬ್ಬರಕ್ಕೆ ಮಾತ್ರ.

ಮಂಗಳೂರಿನಿಂದ: ಚಿಪ್ಪಿನ ವಿಷಯ. ರಾಗಿಯಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಒಂದು ಮೊಟ್ಟೆಯ ಚಿಪ್ಪಿಗೇ 2 ಗ್ರಾಂ ಹತ್ತಿರ ಬೇಕು. ಕೊರತೆ ಬಿದ್ದರೆ ಹೇಟೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ, ಕೊನೆಗೆ ಕಾಲು ಸೋತು ಕೂರುತ್ತದೆ. ನಮ್ಮ ಕಡೆ ಮರುವಾಯಿ ಚಿಪ್ಪು ಧಾರಾಳ. ನಿಮಗೆ ಕಪ್ಪೆಚಿಪ್ಪಿನ ಚೂರು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಗೋಧಿ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ, ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಹೇಟೆ ಬೇಕಾದಷ್ಟು ತಾನೇ ತಿನ್ನುತ್ತದೆ. ಮೇವಿಗೆ ಬೆರೆಸಿದರೆ ಮರಿಗಳ ಹೊಟ್ಟೆಗೂ ಹೋಗಿ ಮೂತ್ರಪಿಂಡ ಕೆಡುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನೂ ಹಾಕಬಹುದು, ಆದರೆ ಹುರಿದು ಪುಡಿ ಮಾಡಿ. ಅರ್ಧ ಚಿಪ್ಪನ್ನು ಹಾಗೇ ಎಸೆದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಅಂಟುತ್ತದೆ, ಅದನ್ನು ಬಿಡಿಸುವುದು ಬಲು ಕಷ್ಟ.

ಶಿಡ್ಲಘಟ್ಟದಿಂದ: ಒಣಮೀನು ದುಬಾರಿ ಅನಿಸಿದರೆ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಹುಳ ತನ್ನಿ. ಒಣಗಿದ್ದರಲ್ಲಿ ಅರ್ಧದಷ್ಟು ಪ್ರೋಟೀನ್. ಎಣ್ಣೆಯಂಶ ಜಾಸ್ತಿ, ಬೇಗ ಕಮಟು ಹಿಡಿಯುತ್ತದೆ. ಕೈಯಲ್ಲಿ ಮುರಿದರೆ ಪಟ್ಟನೆ ಒಡೆಯುವಷ್ಟು ಒಣಗಿಸಿ, 10 ಕೆಜಿಗೆ ಅರ್ಧ ಕೆಜಿ ದಾಟಿಸಬೇಡಿ; ಹೆಚ್ಚಾದರೆ ಮೊಟ್ಟೆಗೆ ವಾಸನೆ ಬರುತ್ತದೆ.

ದುಡ್ಡಿಲ್ಲದ ಪ್ರೋಟೀನ್ ಅಂದರೆ ಗೆದ್ದಲು. ಹಳೆ ಮಡಕೆಗೆ ಒಣಹುಲ್ಲು, ಸೆಗಣಿ ಚೂರು, ಹರಿದ ಗೋಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ, ಬಿಸಿಲು ತಾಗದಂತೆ ಮುಚ್ಚಿ. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ. ಬಿಸಿಲೇರಿದರೆ ಗೆದ್ದಲು ಒಳಗಿಳಿದುಬಿಡುತ್ತದೆ. ಕೀಟನಾಶಕ ಹೊಡೆದ ಜಾಗದಲ್ಲಿ ಇಡಬೇಡಿ.

ಅಜೋಲಾಗೆ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸೊಪ್ಪು) 2 ಮೀಟರ್ ಉದ್ದಗಲದ ಗುಂಡಿ, ಒಳಗೆ ಹಾಸಲು ಪ್ಲಾಸ್ಟಿಕ್ ಶೀಟು, ಜರಡಿ ಮಣ್ಣು 10ರಿಂದ 15 ಕೆಜಿ, ಸೆಗಣಿ 2 ಕೆಜಿ, ನೀರು 10 ಸೆಂಟಿಮೀಟರ್. ತೆಂಗಿನ ಅರೆನೆರಳು ಅದಕ್ಕೆ ಹೇಳಿ ಮಾಡಿಸಿದ್ದು. ಎರಡು ವಾರದ ನಂತರ ದಿನಕ್ಕೆ ಅರ್ಧ ಕೆಜಿ ತೆಗೆಯಬಹುದು. ಸೆಗಣಿ ವಾಸನೆ ಹೋಗುವ ತನಕ ತೊಳೆದು ಹಾಕಿ. ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರೇ. ಸೊಪ್ಪಿನ ಲೆಕ್ಕಕ್ಕೆ ಇಟ್ಟುಕೊಳ್ಳಿ, ಹಿಂಡಿಯ ಬದಲಿಗಲ್ಲ.

ತೀರ್ಥಹಳ್ಳಿಯಿಂದ: ಮೊದಲ ಎರಡು ವಾರದಲ್ಲಿ ಮರಿ ಸಾಯುವುದು ಬಹುಮಟ್ಟಿಗೆ ಚಳಿ ಮತ್ತು ತೇವಕ್ಕೆ. ತಾಯಿ ಜೊತೆಗಿದ್ದರೂ ಮುಂಜಾನೆಯ ಇಬ್ಬನಿ ಹುಲ್ಲಿಗೆ ಬಿಡಬೇಡಿ. ಬಿಸಿಲು ಬಿದ್ದ ಮೇಲೆ ಬಿಡಿ. ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಖೆ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿ, ಮುಳುಗಿ ಸಾಯುವುದು ತಪ್ಪುತ್ತದೆ.

ಮರಿಗಳಿಗೆ 20 ಭಾಗ ಪ್ರೋಟೀನ್ ಬೇಕು. ಹಾಸನದವರು ಕೊಟ್ಟ ಲೆಕ್ಕದಲ್ಲೇ ಜೋಳ 5, ತೌಡು 1.2, ಹಿಂಡಿ 2.5, ಮೀನು 1 ಕೆಜಿ ಮಾಡಿ ನುಣ್ಣಗೆ ಒಡೆಸಿ.

ಮೂರನೇ ವಾರದಿಂದ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ. ಹಾಸಿದ ಭತ್ತದ ಹೊಟ್ಟು ಒದ್ದೆಯಾದಲ್ಲಿ ಇದು ಹಬ್ಬುತ್ತದೆ. ಒಂದು ಹಿಡಿ ಹೊಟ್ಟು ಹಿಂಡಿ ನೋಡಿ, ಉಂಡೆ ಕಟ್ಟಿದರೆ ಅವತ್ತೇ ತೆಗೆದು ಹೊಸದು ಹಾಕಿ. ರಕ್ತ ಕಂಡ ಮೇಲೆ ಅರಿಶಿನ, ಬೆಳ್ಳುಳ್ಳಿ ಅಂತ ದಿನ ಕಳೆಯಬೇಡಿ, ಪಶುವೈದ್ಯರಿಂದ ಔಷಧ ತನ್ನಿ.

ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಷ್ ಹೊಡೆದು, ಒಂದು ಅಡಿ ನೆಲದೊಳಗೆ ಹೂಳಿ. ಮುಂಗುಸಿ ಕೊರೆದು ಬರುವುದು ಬುಡದಿಂದಲೇ.

ಕೇಳಿದವರು: ತುಂಬಾ ಉಪಕಾರವಾಯಿತು. ಲಸಿಕೆ ಹಾಕಿಸಿದರೆ ನೈಸರ್ಗಿಕ ಸಾಕಣೆ ಅನ್ನಬಹುದೇ? ಸ್ವರ್ಣಧಾರ ಕಾವಿಗೆ ಕೂರುತ್ತಿಲ್ಲ, ಅದಕ್ಕೇನು?

ಮಂಡ್ಯದಿಂದ: ಧಾರಾಳವಾಗಿ ಅನ್ನಬಹುದು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಸೊಪ್ಪು, ಕಷಾಯ ಯಾವುದೂ ಮದ್ದಲ್ಲ. ಬಂದರೆ ಹಸಿರು ಭೇದಿ, ಕತ್ತು ತಿರುಚುವುದು, ವಾರದೊಳಗೆ ಗೂಡು ಖಾಲಿ. ಅದಕ್ಕೆ ಮರಿಯ 5ರಿಂದ 7ನೇ ದಿನ ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ, 28ನೇ ದಿನ ಇನ್ನೊಮ್ಮೆ, 8ನೇ ವಾರ ಆರ್2ಬಿ ಲಸಿಕೆ ರೆಕ್ಕೆಯಡಿ ಅರ್ಧ ಎಂಎಲ್ ಚುಚ್ಚುಮದ್ದು. ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ, ಐಸ್ ಡಬ್ಬಿಯಲ್ಲಿ ತನ್ನಿ, ತಂಪು ಹೊತ್ತಿನಲ್ಲಿ ಹಾಕಿ. ಜಂತುಹುಳದ ಔಷಧ ಆರ್2ಬಿಗೆ ಒಂದು ವಾರ ಮೊದಲೇ ಕೊಟ್ಟಿರಲಿ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ದೂರ ಕಟ್ಟಿ. ಮಾರಿಹಬ್ಬದ ಹೊತ್ತಿಗೆ ಕೋಳಿಗಳು ಊರೂರು ತಿರುಗುತ್ತವೆ, ರೋಗವೂ ಅವುಗಳ ಜೊತೆಯೇ ಬರುತ್ತದೆ.

ಸ್ವರ್ಣಧಾರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ, ಹೆಚ್ಚು ಮೊಟ್ಟೆಗೆಂದೇ ಮಾಡಿದ್ದು. ಕಾವು ಕೂರುವ ಗುಣ ಅದರಲ್ಲಿ ನಿರೀಕ್ಷಿಸಬೇಡಿ. ನಾಟಿ ಹೇಟೆ ಕಾವಿಗೆ ಕೂತಾಗ 10ರಿಂದ 12 ಮೊಟ್ಟೆ ಇಡಿ, ವಾರದೊಳಗೆ ಇಟ್ಟ ಮೊಟ್ಟೆಗಳೇ ಆಗಿರಲಿ. 7ನೇ ರಾತ್ರಿ ಟಾರ್ಚಿನ ಮುಂದೆ ಹಿಡಿದರೆ ಕಟ್ಟಿದ ಮೊಟ್ಟೆಯಲ್ಲಿ ಜೇಡನ ಕಾಲಿನ ಹಾಗೆ ಕೆಂಪು ನರ ಕಾಣುತ್ತದೆ; ತಿಳಿಯಾಗಿದ್ದರೆ ತೆಗೆದುಬಿಡಿ. ಸ್ವರ್ಣಧಾರದ ಮೊಟ್ಟೆಯಿಂದ ಮರಿ ಆಗುತ್ತದೆ, ಆದರೆ ತಾಯಿಯಷ್ಟು ಮೊಟ್ಟೆ ಕೊಡುವುದಿಲ್ಲ. ಆ ತಳಿಯೇ ಬೇಕಿದ್ದರೆ ಮರಿಗಳನ್ನು ಹೊಸದಾಗಿ ಕೊಳ್ಳಿ, ನಾಟಿಯ ಮರಿಗಳನ್ನು ನಿಮ್ಮಲ್ಲೇ ಎಬ್ಬಿಸಿ.