ಹೊಸ ಕಾರಲ್ಲಿ ಹಳೇ ತಾಳಮದ್ದಳೆ ಕ್ಯಾಸೆಟ್ ಕೇಳೋದು ಹೇಗೆ?

ಉಪ್ಪಿನಂಗಡಿಯವ:
ಅಪ್ಪನ ಹತ್ತಿರ ಒಂದು ಟ್ರಂಕ್ ತುಂಬ ಕ್ಯಾಸೆಟ್ ಇದೆ. ಜಾಸ್ತಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಲ್ಲೇ ನಡೆಸುವ ಯಕ್ಷಗಾನ), ಮಧ್ಯೆ ಸ್ವಲ್ಪ ಭಾವಗೀತೆ, ದಾಸರ ಪದ. ಕೆಲವು ಅಂಗಡಿಯಲ್ಲಿ ಕೊಂಡದ್ದು, ಕೆಲವು ಊರ ದೇವಸ್ಥಾನದಲ್ಲಿ ಕೂಟ ಆದಾಗ ಅಪ್ಪನೇ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡದ್ದು. ಹಳೇ ಕಾರಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು, ಚಿಂತೆ ಇರಲಿಲ್ಲ. ಹೊಸದರಲ್ಲಿ ದೊಡ್ಡ ಸ್ಕ್ರೀನ್, ಎರಡು ಟೈಪ್ ಸಿ ತೂತು, ಅಷ್ಟೇ. ಸಿಡಿ ಇಲ್ಲ, ಆಕ್ಸ್ ಕೂಡ ಇಲ್ಲ.

ತಮ್ಮ ಸ್ವಲ್ಪ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ 64 ಜಿಬಿ ಪೆನ್‌ಡ್ರೈವ್‌ಗೆ ಹಾಕಿದ್ದಾನೆ. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡುತ್ತದೆ, ಕಾರು ಮಾತ್ರ ಪೆನ್‌ಡ್ರೈವ್ ಇದೆ ಅಂತಲೇ ಒಪ್ಪುವುದಿಲ್ಲ. ಅದರದ್ದೇ ಸ್ವಲ್ಪ ಫೈಲು ಬೇರೆ ಚಿಕ್ಕ ಪೆನ್‌ಡ್ರೈವಲ್ಲಿ ಹಾಕಿದರೆ ಓಡುತ್ತದೆ, ಆದರೆ ಹೆಸರಿನ ಜಾಗದಲ್ಲಿ ಬರೀ ಚೌಕ, ಮತ್ತೆ ಕ್ರಮ ಪೂರ್ತಿ ಕಲಸುಮೇಲೋಗರ. ಕೃಷ್ಣ ಸಂಧಾನಕ್ಕೆ ಹೊರಡುವ ಮೊದಲೇ ಕೌರವ ಉತ್ತರ ಕೊಡುತ್ತಾನೆ. ಅಪ್ಪನಿಗೆ ಸಿಟ್ಟು. ಯಾರಾದ್ರೂ ದಾರಿ ಹೇಳಿ.

ಪೆನ್‌ಡ್ರೈವ್ ಭಟ್ರು:
ಮೂರೂ ಬೇರೆ ಬೇರೆ ಕಾಯಿಲೆ ಮಾರಾಯ್ರೇ.

ದೊಡ್ಡ ಪೆನ್‌ಡ್ರೈವ್ ಹೆಚ್ಚಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟಲ್ಲಿ ಇರುತ್ತದೆ. ತುಂಬಾ ಕಾರುಗಳಿಗೆ ಫ್ಯಾಟ್32 ಮಾತ್ರ ಅರ್ಥ ಆಗೋದು. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಬಹಳ ವರ್ಷ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯೇ ಬರುತ್ತಿರಲಿಲ್ಲ, ಹಾಗಾಗಿ 32 ಜಿಬಿಯದ್ದೇ ಒಂದು ತಗೊಂಡರೆ ತಲೆನೋವಿಲ್ಲ. ಜಾಗ ಸಾಲುತ್ತದಾ ಅಂತ ಯೋಚನೆ ಬೇಡ, 128 ಕೆಬಿಪಿಎಸ್ ಎಂಪಿ3 ಗಂಟೆಗೆ 60 ಎಂಬಿ ಕೂಡ ಆಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿರೋದೆಲ್ಲ ಹೋಗುತ್ತದೆ, ಮೊದಲು ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಳ್ಳಿ.

ಚೌಕ ಬರೋದು ಕಾರಿನ ಸ್ಕ್ರೀನಲ್ಲಿ ಕನ್ನಡ ಫಾಂಟ್ ಇಲ್ಲದ್ದಕ್ಕೆ. ಅದಕ್ಕೆ ನಾವು ಏನೂ ಮಾಡುವ ಹಾಗಿಲ್ಲ. ಇಲ್ಲಿ ಮಾರುವ ಕಾರಿಗೆ ಇಲ್ಲಿಯ ಅಕ್ಷರ ಹಾಕೋಕೆ ಏನು ಕಷ್ಟವೋ ದೇವರಿಗೇ ಗೊತ್ತು. ಫೈಲ್ ಹೆಸರು ಮತ್ತು ಟ್ಯಾಗ್ (ಫೈಲಿನೊಳಗೇ ಬರೆದಿಡುವ ಹೆಸರು, ನಂಬರು) ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹೆಸರು ಮಾತ್ರ ಬದಲಿಸಿದರೆ ಸಾಲದು, ಸುಮಾರು ಕಾರುಗಳು ಟ್ಯಾಗನ್ನೇ ಓದಿ ತೋರಿಸೋದು. ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರಲ್ಲಿ ಒಟ್ಟಿಗೆ ಎಲ್ಲದಕ್ಕೂ ಮಾಡಬಹುದು.

ಇನ್ನು ಕ್ರಮ. 1, 2 ಅಂತ ಹೆಸರಿಟ್ಟರೆ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. 01, 02 ಅಂತ ಇಡಿ. ಟ್ಯಾಗಿನ ಟ್ರ್ಯಾಕ್ ನಂಬರೂ ಹಾಗೇ ಹಾಕಿ, ಒಂದು ಪ್ರಸಂಗಕ್ಕೆ ಒಂದು ಫೋಲ್ಡರ್. ಆದ್ರೂ ಕೆಲವು ಕಾರು ಹೆಸರನ್ನು ನೋಡುವುದೇ ಇಲ್ಲ, ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತದೆ. ನಿಮ್ಮದು ಅಂಥದ್ದಾದರೆ ಪೆನ್‌ಡ್ರೈವ್ ಖಾಲಿ ಮಾಡಿ ಒಂದೊಂದೇ ಫೈಲ್ ಕ್ರಮವಾಗಿ ಹಾಕಬೇಕು. ಶಫಲ್ ಆನ್ ಆಗಿದೆಯಾ ಅಂತ ಮೊದಲೇ ನೋಡಿ, ಸುಮ್ನೆ ಅಷ್ಟೆಲ್ಲ ಕೆಲಸ ಬೇಡ.

ಎರಡು ಟೈಪ್ ಸಿಯಲ್ಲಿ ಒಂದು ಬರೀ ಚಾರ್ಜಿಗೆ ಇರಬಹುದು. ಪೆನ್‌ಡ್ರೈವನ್ನು ಎರಡರಲ್ಲೂ ಹಾಕಿ ನೋಡಿ.

ಬೆಂಗಳೂರು ಬ್ಲೂಟೂತ್:
ಇಷ್ಟೆಲ್ಲ ಯಾಕೆ? ಯೂಟ್ಯೂಬಲ್ಲಿ ತಾಳಮದ್ದಳೆ ಬೇಕಾದಷ್ಟಿದೆ. ಫೋನ್ ಕನೆಕ್ಟ್ ಮಾಡಿ, ಮುಗೀತು.

ಘಟ್ಟ ಇಳಿಯುವವನು:
ಅಪ್ಪ ತುಂಬಿಸಿಕೊಂಡ ಕೂಟ ಯೂಟ್ಯೂಬಲ್ಲಿ ಎಲ್ಲಿಂದ ಬರಬೇಕು? ಆಮೇಲೆ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಸರಿಯಾಗಿ ವಾದ ಬಿಸಿ ಏರಿದಾಗಲೇ.

ಆದರೆ ಫೋನ್ ಅನ್ನೋ ಮಾತು ಪೂರ್ತಿ ತಪ್ಪಲ್ಲ. ಹಾಡಿಗೆ ಪೆನ್‌ಡ್ರೈವ್ ಸಾಕು. ತಾಳಮದ್ದಳೆ ಹಾಗಲ್ಲ, ಕ್ಯಾಸೆಟಿನ ಒಂದು ಬದಿಯೇ ಅರ್ಧ ಗಂಟೆ ಇರುತ್ತದೆ. ಚಹಾಕ್ಕೆ ಇಳಿದು ಕಾರು ಆಫ್ ಮಾಡಿದರೆ ಕೆಲವು ಸಿಸ್ಟಮ್ ಮತ್ತೆ ಫೈಲಿನ ಶುರುವಿಂದ ಹಾಡುತ್ತದೆ, ಅರ್ಥಧಾರಿ (ಪಾತ್ರದ ಮಾತಾಡುವವರು) ಎಲ್ಲಿದ್ದರೋ ಹುಡುಕುತ್ತಾ ತಿರುವಿನಲ್ಲಿ ಸ್ಕ್ರೀನ್ ಒತ್ತಬೇಕು. ಅದು ಬೇಡವೇ ಬೇಡ. ಫೈಲುಗಳನ್ನು ಫೋನಿಗೇ ಕಾಪಿ ಮಾಡಿ, ವಿಎಲ್‌ಸಿ ಪ್ಲೇಯರ್ ಆಪ್ ಹಾಕ್ಕೊಳ್ಳಿ. ನಿಲ್ಲಿಸಿದ ಜಾಗವನ್ನು ನೆನಪಿಡುವ ಆಯ್ಕೆ ಅದರ ಸೆಟ್ಟಿಂಗಲ್ಲಿದೆ. ಫೋನಿನ ಆಪನ್ನು ಕಾರಿನ ಸ್ಕ್ರೀನಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋದಲ್ಲೂ ಬರುತ್ತದೆ, ನೆಟ್ ಬೇಕಾಗಿಲ್ಲ, ಫೋನಲ್ಲಿ ಕನ್ನಡ ಹೆಸರೂ ಕಾಣುತ್ತದೆ.

ಹಳೇ ಟೇಪು:
ಉಳಿದ ಕ್ಯಾಸೆಟ್‌ಗಳ ಬಗ್ಗೆ ನಾನು ಹೇಳ್ತೇನೆ. ಕರಾವಳಿಯ ಮಳೆಗೆ ಟೇಪಿನ ಮೇಲೆ ಬಿಳಿ ಬೂಸ್ಟು ಕೂತಿರುತ್ತದೆ. ಕ್ಯಾಸೆಟಿನ ಕಿಟಕಿಯಿಂದ ನೋಡಿದರೆ ಗೊತ್ತಾಗುತ್ತದೆ. ಅಂಥದ್ದನ್ನು ನೇರ ಪ್ಲೇಯರಿಗೆ ಹಾಕಬೇಡಿ, ಬೂಸ್ಟು ಪ್ಲೇಯರಿನ ಟೇಪು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟಿಗೂ ಹೋಗುತ್ತದೆ. ಅವನ್ನು ಬೇರೆ ಇಡಿ. ಚೆನ್ನಾಗಿರುವುದನ್ನು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ, ಆಮೇಲೆ ಪ್ಲೇ ಮಾಡಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸುತ್ತಾ ಇರಿ.

ಚೆಂಡೆ, ಚಕ್ರತಾಳ ಮಂಕಾಗಿ ಕೇಳಿದರೆ ಟೇಪು ಹಾಳಾಗಿದೆ ಅಂತ ಬಿಡಬೇಡಿ. ರೆಕಾರ್ಡ್ ಮಾಡಿದ ಹೆಡ್ಡೂ ಈಗ ಓದುವ ಹೆಡ್ಡೂ ಒಂದೇ ಕೋನದಲ್ಲಿ ಇಲ್ಲದಿದ್ದರೆ ಹಾಗಾಗುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಚಿಕ್ಕ ಸ್ಕ್ರೂ ಇರುತ್ತದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿ ತಾಳ ಸ್ಪಷ್ಟ ಆಗುವ ಜಾಗಕ್ಕೆ ತನ್ನಿ. ಅಪ್ಪ ರೆಕಾರ್ಡ್ ಮಾಡಿದ ಅದೇ ಟೇಪ್‌ರೆಕಾರ್ಡರ್ ಇನ್ನೂ ಓಡುತ್ತಿದ್ದರೆ ಅದರಲ್ಲೇ ಹಾಕಿ, ಸ್ಕ್ರೂ ಮುಟ್ಟುವ ಕೆಲಸವೇ ಬರಲಿಕ್ಕಿಲ್ಲ.

ಲ್ಯಾಪ್‌ಟಾಪಿನಲ್ಲಿ ಒಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ರೆಕಾರ್ಡ್ ಮಾಡಿ, ಮೂಲ ಪ್ರತಿ ಫ್ಲ್ಯಾಕ್ (ದನಿಯ ಗುಣ ಕಡಿಮೆಯಾಗದ ಫಾರ್ಮ್ಯಾಟ್) ಇರಲಿ, ಕಾರಿಗೆ ಎಂಪಿ3. ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಭಾಗವತರ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತದೆ. ಸ್ವಲ್ಪ ಸುಯ್ ಅಂದರೆ ಅನ್ನಲಿ.

ಉಪ್ಪಿನಂಗಡಿಯವ:
ಶಫಲ್ ಆಫೇ ಇತ್ತು. 01, 02 ಮಾಡಿದ ಮೇಲೆ ಕ್ರಮ ಸರಿಯಾಯಿತು, ಧನ್ಯವಾದ ಭಟ್ರೇ. ಪ್ರಸಂಗಗಳನ್ನು ಫೋನಿಗೆ ಹಾಕ್ತೇನೆ. ಅಪ್ಪನ ಟೇಪ್‌ರೆಕಾರ್ಡರ್ ಅಟ್ಟದಲ್ಲಿದೆ, ಬೆಲ್ಟ್ ಹೋಗಿದೆ. ಪುತ್ತೂರು, ಮಂಗಳೂರು ಕಡೆ ಈಗಲೂ ಬೆಲ್ಟ್ ಹಾಕಿಕೊಡುವವರು ಯಾರಾದ್ರೂ ಇದ್ದಾರಾ?